ಪ್ಯಾಡು ಬದಲಿಸುವವನ ಲೆಕ್ಕ

ಬೊನಿಫಾಸ್ ಮೊಂತೇರೊನ ಸ್ಯಾಕ್ಸೊಫೋನು
ಮೂವತ್ತೆಂಟು ವರ್ಷದಲ್ಲಿ ನನ್ನ ಮೇಜಿಗೆ ಬಂದದ್ದು ಹದಿನೇಳು ಸಲ.
ತಾರೀಕು, ರಿಪೇರಿ, ಬಾಕಿ ಎಲ್ಲ ಈ ಉದ್ದ ಪುಸ್ತಕದಲ್ಲಿ ಉಂಟು.
ಅವನ ಸಂಗೀತ ಅರ್ಥವಾಗಿದೆ ಎಂದು ನಾನು ಹೇಳುವವನಲ್ಲ.
ಚರ್ಮ ಎಲ್ಲಿ ಸವೆದಿತ್ತು, ಅದು ಗೊತ್ತು.

ಮೊದಲ ಸಲ ತಂದಾಗ ಅವನಿಗೆ ಹತ್ತೊಂಬತ್ತು.
ಕೀಲಿಗಳ ಸಂದಿಯಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯ ಕೆಂಪು ಧೂಳು,
ಅಪ್ಪನ ಅಂಗಿಯಿಂದ ಬಂದದ್ದು.
ಹಾಳಾದದ್ದು ಬರೀ ಆರು ಪ್ಯಾಡು.
ರೋಸಿನ ರಾತ್ರಿಯ ಹಾಡು, ಕುಲಶೇಖರದ ಮದುವೆಯ ಮಾರ್ಚು,
ಸಿಮೆಸ್ತ್ರಿಯ ಗೇಟಿನವರೆಗಿನ ನಿಧಾನದ ನಡಿಗೆ,
ಎಲ್ಲಕ್ಕೂ ಅದೇ ಆರು ಬೆರಳು.
"ಯೂನಿಫಾರ್ಮೂ ಒಂದೇ," ಎಂದ,
"ಸಾವಿಗಾದರೆ ಕುತ್ತಿಗೆಯ ಗುಂಡಿಯೂ ಹಾಕಬೇಕು."

ಆಮೇಲೆ ಬೊಂಬಾಯಿ, ಹೋಟೆಲು, ಹಡಗು.
ಆರು ವರ್ಷ ಪುಸ್ತಕದಲ್ಲಿ ಅವನ ಹೆಸರಿಲ್ಲ.
ಹಿಂದೆ ಬಂದಾಗ ಪೆಟ್ಟಿಗೆಯೊಳಗೆ ಲೇಬಲು ಹರಿದ ಒಂದು ಕ್ಯಾಸೆಟ್ಟು,
ರೋಟರ್‌ಡ್ಯಾಮಿನ ಬಂದರಿನಲ್ಲಿ ಯಾರೋ ಅಡುಗೆಯವ ಕೊಟ್ಟದ್ದಂತೆ.
ಇಲ್ಲೇ, ಈ ಸ್ಟೂಲಿನಲ್ಲಿ ಕೂತು ಹಾಕಿದ.
ಟೇಪು ಸಿಕ್ಕಿಕೊಂಡಿದೆ ಎಂದು
ನಾನು ಸುತ್ತಲಿಕ್ಕೆ ಪೆನ್ಸಿಲು ತೆಗೆದೆ.
"ಸಿಕ್ಕಿಕೊಂಡದ್ದಲ್ಲ ಮಾರಾಯ,
ಬಿಡಿಸಿಕೊಂಡದ್ದು."

ಬಜ್ಪೆಯ ಒಂದು ಮದುವೆಯಲ್ಲಿ, ವಾಲ್ಟ್ಜಿನ ನಾಲ್ಕನೇ ಸುತ್ತಿಗೆ
ಇವನು ಹೊರಗೆ ಹೋದ.
ಕುರ್ಚಿಯಿಂದಲ್ಲ, ಹಾಡಿನಿಂದ.
ಮದುಮಕ್ಕಳು ಎತ್ತಿದ ಕಾಲು ಎಲ್ಲಿಡುವುದೆಂದು ತಿಳಿಯದೆ
ಕೊಕ್ಕರೆಗಳ ಹಾಗೆ ನಿಂತರಂತೆ.
ಹುಡುಗಿಯ ಮಾವ ಮೈಕಿನ ವಯರು ಎಳೆದ.
ಇವನ ಊದು ನಿಲ್ಲಲಿಲ್ಲ.
ಮರುದಿನ ಬ್ಯಾಂಡಿನವರು ಕೋಟು ವಾಪಸು ತೆಗೆದುಕೊಂಡರು,
ಗುಂಡಿ ಎಣಿಸಿ.

ಆ ವರ್ಷ ಇಪ್ಪತ್ತೈದೂ ಪ್ಯಾಡು ಹೋಗಿತ್ತು.
ಯಾರೂ ಮುಟ್ಟದ ಬದಿಯ ಕೀಲಿಗಳು,
ನಾನೇ ಮರೆತಿದ್ದ ತೂತುಗಳು.
ಕಾರ್ಕಿಗೆ ಬಾಟಲಿ ಮುಚ್ಚಳ ಕೊರೆದೆ. ಬಾಕಿ ನೂರ ಎಪ್ಪತ್ತು.

ಬೆಳಿಗ್ಗೆ ಐದಕ್ಕೆ ಬಂದರಿನ ದಕ್ಕೆಯಲ್ಲಿ ಏಲಂ ಶುರು.
ಏಲಂನವನು ಏರಿಸಿದರೆ ಇವನೂ ಏರಿಸುವುದು,
ಅವನು ಕೆಮ್ಮಿದರೆ ಇವನೂ.
ಬೋಟಿನ ಇಂಜಿನು ಕೆಟ್ಟು ಡುಗುಡುಗು ಎಂದರೆ
ಇವನಿಗೆ ಹಬ್ಬ.
ಕಲ್ಯಾಣಿ ಮರಕಾಲ್ತಿ ಬುಟ್ಟಿ ಇಳಿಸಿ ಹೇಳುವಳು:
"ಇವ ಊದಿದ ದಿನ ಬಂಗುಡೆಗೆ ರೇಟು ಉಂಟು,
ಬೂತಾಯಿಗೆ ಇಲ್ಲ."
ಅವನ ಬಗ್ಗೆ ಯಾರಾದರೂ ಮಾಡಿದ ವಿಮರ್ಶೆ ಅದೊಂದೇ.

ಅಲ್ಲ, ಇನ್ನೊಂದು ಉಂಟು.
ಟಿಕೇಟು ಮಾಡಿ ಹಾಲಿನಲ್ಲಿ ಒಮ್ಮೆ ಊದಿದ. ಬಂದವರು ಹನ್ನೊಂದು,
ಮೂವರು ಎದ್ದು ಹೋದರು, ಒಬ್ಬರಿಗೆ ನಿದ್ದೆ.
ಪೇಪರಿನಲ್ಲಿ ಬಂತು:
"ಬಹಳ ಹೊತ್ತು ವಾದ್ಯದ ಪರೀಕ್ಷೆ ನಡೆಯಿತು,
ಕಾರ್ಯಕ್ರಮ ಆರಂಭವಾಗಲಿಲ್ಲ."
ಕತ್ತರಿಸಿ ಪೆಟ್ಟಿಗೆಯ ಮಖಮಲ್ಲಿನ ಅಡಿಯಲ್ಲಿಟ್ಟ. ಈಗಲೂ ಅಲ್ಲಿ ಉಂಟು.

ಅಪ್ಪ ತೀರಿದಾಗ ಬ್ಯಾಂಡು ಕರೆಯಲಿಲ್ಲ.
ಗುಂಡಿಯ ಬದಿಯಲ್ಲಿ ನಿಂತು ಒಂದೇ ಸ್ವರ,
ಎಲ್ಲಕ್ಕಿಂತ ಕೆಳಗಿನದ್ದು, ಉಸಿರು ಮುಗಿಯುವವರೆಗೆ.
ಮತ್ತೆ ಉಸಿರು, ಮತ್ತೆ ಅದೇ.
ನಾನು ಹಿಂದಿನ ಸಾಲಿನಲ್ಲಿದ್ದೆ. ಆ ಪ್ಯಾಡು ಸೋರುತ್ತಿತ್ತು,
ಹದಿನೈದು ದಿನ ಹಿಂದೆ ನಾನೇ ಹಾಕಿದ್ದು,
ಕಿವಿ ಬಿಸಿಯಾಯಿತು.
ಸೋರುವ ಗಾಳಿಯನ್ನೂ ಅವನು ಬಿಡಲಿಲ್ಲ,
ಅದನ್ನೂ ಊದಿದ.
ಪಾದ್ರಿ ಪುಸ್ತಕ ತೆರೆದುಕೊಂಡೇ ಕಾದರು.

ಹದಿನೇಳನೆಯ ಸಲ ತಂದಾಗ ಬಾಯಲ್ಲಿ ಕಟ್ಟಿಸಿದ ಹಲ್ಲು.
ಊದುವಾಗ ಹಲ್ಲೂ ಊದ್ತದೆ ಎಂದು ನಕ್ಕ.
"ಈ ಸಲ ಸರಿ ಮಾಡಬೇಡ.
ಎಲ್ಲೆಲ್ಲಿ ಸೋರ್ತದೆ ನೋಡಿ ಬರೆದಿಡು, ಸಾಕು."
ಆಮೇಲೆ ಬರಲಿಲ್ಲ.
ಬಾಕಿ ಆರುನೂರ ನಲವತ್ತು. ಹೊಡೆದು ಹಾಕಿಲ್ಲ.

ನಿನ್ನೆ ರಾತ್ರಿ ಬಾಗಿಲು ಎಳೆದುಕೊಂಡು
ಸಣ್ಣ ಬಲ್ಬನ್ನು ವಯರಿನಲ್ಲಿ ಅದರ ಗಂಟಲಿಗೆ ಇಳಿಸಿದೆ,
ಸೋರುವಲ್ಲೆಲ್ಲ ಬೆಳಕು ಕಾಣುತ್ತದೆ, ನಮ್ಮ ಕೆಲಸದ ಕ್ರಮ ಅದು.
ಪೆನ್ನು ಹಿಡಿದು
ಹದಿಮೂರರವರೆಗೆ ಎಣಿಸಿದೆ.
ಅಷ್ಟರಲ್ಲಿ ಕರೆಂಟು ಹೋಯಿತು.